ಒಂದೇ ಚಿತ್ರ, ಆರು ಊರು

ನನ್ನ ಅಂಚೆಚೀಟಿ ಸಂಗ್ರಹದಲ್ಲಿ ಒಂದರ ಹಿಂದೊಂದು ಜೋಡಿಸಿಟ್ಟ ಆರು ಹಾಳೆಗಳಿವೆ. ಆರರಲ್ಲೂ ಇರುವುದು 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿಗೆ ಮೊದಲ ಚಿನ್ನ ತಂದುಕೊಟ್ಟ ರೋಯಿಂಗ್ ಜೋಡಿ, ಹೆಲೆನ್ ಗ್ಲೋವರ್ ಮತ್ತು ಹೆದರ್ ಸ್ಟಾನಿಂಗ್ ಅವರ ಚೀಟಿ. ಹಾಳೆಗೆ ಆರು ಚೀಟಿಯಂತೆ ಅದೇ ಚಿತ್ರ, ಅದೇ ಅಕ್ಷರ, ಅದೇ ಬೆಲೆ. ಒಮ್ಮೆ ಊರಿನಿಂದ ಬಂದಿದ್ದ ನಮ್ಮ ಅತ್ತಿಗೆ ಆಲ್ಬಮ್ಮನ್ನು ನಿಧಾನವಾಗಿ ತಿರುವಿ ನೋಡುತ್ತಾ ಈ ಪುಟಗಳ ಬಳಿ ನಿಂತರು. “ಆರೂ ಒಂದೇ ಥರ ಇದಾವಲ್ಲಪ್ಪ, ಐದನ್ನ ಯಾರಾದ್ರೂ ಮಕ್ಕಳಿಗೆ ಕೊಡಬಾರದಾ?” ಎಂದು ಕೇಳಿದರು. ನಾನು ಹಾಳೆಗಳ ಅಂಚಿನಲ್ಲಿದ್ದ ಪುಟ್ಟ ಅಕ್ಷರಗಳನ್ನು ತೋರಿಸಿದೆ: ಆಟಲ್‌ಬರೋ, ಎಡಿನ್‌ಬರೋ, ಲಂಡನ್, ಪ್ರೆಸ್ಟನ್, ಸಾಲಿಹಲ್, ಸ್ವಿಂಡನ್. ಅವರು ಕನ್ನಡಕ ಸರಿಮಾಡಿಕೊಂಡು ಆರೂ ಹೆಸರನ್ನು ಓದಿ, “ಸರಿ, ಅಚ್ಚಾದ ಊರು ಬೇರೆ. ಅದರಿಂದ ಏನಾಯ್ತು?” ಎಂದರು. ಅವರು ಕೇಳಿದ್ದು ತಿಳಿದುಕೊಳ್ಳಬೇಕೆಂದೇ. ಒಂದು ಮಾತಿನಲ್ಲಿ ಮುಗಿಯುವ ಉತ್ತರ ನನ್ನಲ್ಲಿರಲಿಲ್ಲ.

ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಚೀಟಿ ಸಂಗ್ರಹಿಸುವವರೆಲ್ಲ ವೆರೈಟಿ, ಅಂದರೆ ಒಂದೇ ಚೀಟಿಯ ಬೇರೆ ಬೇರೆ ರೂಪ, ಎಂಬ ಮಾತನ್ನು ದಿನವೂ ಆಡುತ್ತಾರೆ. ಬಣ್ಣ ಬಿಟ್ಟುಹೋದದ್ದು, ಕಾಗದದೊಳಗಿನ ವಾಟರ್‌ಮಾರ್ಕ್ ಗುರುತು ತಲೆಕೆಳಗಾದದ್ದು, ಚೀಟಿಗಳನ್ನು ಬಿಡಿಸಲು ಅಂಚಿಗೆ ಹೊಡೆದ ರಂಧ್ರಗಳ ಅಳತೆ ಬದಲಾದದ್ದು, ಅಚ್ಚಾದ ಚೀಟಿಯ ಮೇಲೆ ಮತ್ತೆ ಅಚ್ಚು ಬಿದ್ದು ಮೇಲ್ಮುದ್ರಣವಾದದ್ದು ಎಲ್ಲವೂ ಆ ಮಾತಿನೊಳಗೆ ಬರುತ್ತವೆ. ಆದರೆ ಇವುಗಳಲ್ಲಿ ಯಾವ ವ್ಯತ್ಯಾಸವನ್ನು ಜೋಪಾನ ಮಾಡಬೇಕು, ಯಾವುದನ್ನು ನೋಡಿಯೂ ಮುಂದಕ್ಕೆ ಹೋಗಬೇಕು ಎಂಬುದನ್ನು ಕ್ಯಾಟಲಾಗು ಹೇಳುವುದಿಲ್ಲ. ಅದು ಬೆಲೆಯನ್ನಷ್ಟೇ ಹೇಳುತ್ತದೆ. ದೊಡ್ಡ ಕ್ರೀಡಾಕೂಟಗಳ ಚೀಟಿಗಳಲ್ಲಿ ಈ ಪ್ರಶ್ನೆ ಬೇರೆಲ್ಲ ಕಡೆಗಿಂತ ತೀಕ್ಷ್ಣವಾಗಿ ಎದುರಾಗುತ್ತದೆ. ಏಕೆಂದರೆ ಅಲ್ಲಿ ಅವಸರವೂ ಇದೆ, ಹಣವೂ ಇದೆ.

ರಾತ್ರಿಯ ಅಚ್ಚು

2012ರ ಆಗಸ್ಟ್ 1ರಂದು ಈಟನ್ ಡಾರ್ನಿಯಲ್ಲಿ ಗ್ಲೋವರ್ ಮತ್ತು ಸ್ಟಾನಿಂಗ್ ಗೆದ್ದರು. ಅದೇ ದಿನ ಮಧ್ಯಾಹ್ನ ಬ್ರಾಡ್ಲಿ ವಿಗ್ಗಿನ್ಸ್ ಸೈಕಲ್ ಸ್ಪರ್ಧೆಯಲ್ಲಿ ಎರಡನೆಯ ಚಿನ್ನ ಗೆದ್ದರು. ಆಗಸ್ಟ್ 2ರಂದು ಎರಡು ಗೆಲುವಿನ ಚೀಟಿಗಳೂ ಅಂಚೆ ಕಚೇರಿಗಳ ಕೌಂಟರಿನಲ್ಲಿದ್ದವು. ಬ್ರಿಟನ್ನಿನ ಪ್ರತಿಯೊಂದು ಚಿನ್ನಕ್ಕೂ ಮರುದಿನವೇ ಒಂದು ಚೀಟಿ ಎಂದು ಅಲ್ಲಿನ ಅಂಚೆ ಸಂಸ್ಥೆ ರಾಯಲ್ ಮೇಲ್ ಮೊದಲೇ ಮಾತು ಕೊಟ್ಟಿತ್ತು. ಗೆದ್ದವರ ಊರಿನಲ್ಲಿ ಒಂದು ಅಂಚೆಡಬ್ಬಿಗೆ ಕೆಂಪಿನ ಬದಲು ಹೊಂಬಣ್ಣ ಬಳಿಯುವ ಕೆಲಸವೂ ಅದರ ಜೊತೆಗೇ ನಡೆಯಿತು. ಗ್ಲೋವರ್ ಅವರಿಗಾಗಿ ಪೆನ್‌ಜಾನ್ಸ್‌ನಲ್ಲಿ ಬಳಿದ ಡಬ್ಬಿಯೇ ಮೊದಲನೆಯದು.

ಈ ವೇಗ ಸಾಧ್ಯವಾದದ್ದು ಕೆಲಸವನ್ನು ಎರಡಾಗಿ ಒಡೆದದ್ದರಿಂದ. ಅಂಟಿರುವ, ಕತ್ತರಿಸಿದ ಗೆರೆಗಳಿರುವ ಮೂಲ ಹಾಳೆಗಳನ್ನು ವಾಲ್ಸಾಲ್‌ನ ಮುದ್ರಣಾಲಯ ಮುಂಚೆಯೇ ಸಿದ್ಧಪಡಿಸಿತ್ತು. ಸ್ಪರ್ಧೆ ಮುಗಿದ ಮೇಲೆ ಆ ದಿನದ ಭಾವಚಿತ್ರ, ಕ್ರೀಡಾಪಟುವಿನ ಹೆಸರು ಮತ್ತು ಸ್ಪರ್ಧೆಯ ಹೆಸರನ್ನು ಡಿಜಿಟಲ್ ಯಂತ್ರಗಳಲ್ಲಿ ಅಚ್ಚು ಹಾಕಬೇಕಿತ್ತು. ಒಂದೇ ಕಡೆ ಅಚ್ಚು ಹಾಕಿ, ಬೆಳಗಾಗುವುದರೊಳಗೆ ಸ್ಕಾಟ್ಲೆಂಡಿನಿಂದ ಕಾರ್ನ್‌ವಾಲ್‌ವರೆಗೆ ಲಾರಿಗಳಲ್ಲಿ ಸಾಗಿಸುವುದು ಆಗದ ಕೆಲಸ. ಆದ್ದರಿಂದ ಆರು ಊರುಗಳ ಆರು ಮುದ್ರಣಾಲಯಗಳು ಒಂದೇ ರಾತ್ರಿ ಒಂದೇ ಚಿತ್ರವನ್ನು ಅಚ್ಚು ಹಾಕಿದವು. ಯಾವ ಹಾಳೆ ಎಲ್ಲಿಯದು ಎಂದು ಗುರುತಿಸಲು ಅಂಚಿನಲ್ಲಿ ಚೀಟಿಯ ಕ್ರಮಸಂಖ್ಯೆಯನ್ನೂ ಊರಿನ ಹೆಸರನ್ನೂ ಹಾಕಲಾಯಿತು.

ನಾನಾಗ ಬರ್ಮಿಂಗ್‌ಹ್ಯಾಮಿನ ಬಳಿ ಕೆಲಸ ಮಾಡುತ್ತಿದ್ದೆ. ಆ ಗುರುವಾರ ಊಟದ ವಿರಾಮದಲ್ಲಿ ಪೇಟೆಯ ಅಂಚೆ ಕಚೇರಿಗೆ ಹೋದಾಗ ಹಾಳೆಗಳ ಕಟ್ಟು ಆಗಷ್ಟೇ ಬಂದಿತ್ತು. ಕೌಂಟರಿನ ಹೆಂಗಸು ಕಾಗದದ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸುತ್ತಿದ್ದರು. ನನ್ನ ಮುಂದೆ ನಿಂತಿದ್ದ ವೃದ್ಧರೊಬ್ಬರು ಕಂಕುಳಲ್ಲಿ ಗಟ್ಟಿ ರಟ್ಟಿನ ಕೋಶವೊಂದನ್ನು ಹಿಡಿದಿದ್ದರು. ತಮ್ಮ ಸರದಿ ಬಂದಾಗ, ಹಾಳೆಯನ್ನು ಮೂಲೆಯಲ್ಲಿ ಮಾತ್ರ ಹಿಡಿದು ಕೊಡುವಂತೆ ಆಕೆಯನ್ನು ಕೇಳಿಕೊಂಡರು. ಕೈಗೆ ಬಂದ ಹಾಳೆಯಲ್ಲಿ ಅವರು ಮೊದಲು ನೋಡಿದ್ದು ಭಾವಚಿತ್ರವನ್ನಲ್ಲ. ಕನ್ನಡಕವನ್ನು ಹಣೆಗೇರಿಸಿ, ಅಂಚನ್ನು ಕಣ್ಣಿನ ತೀರ ಹತ್ತಿರಕ್ಕೆ ತಂದು ಓದಿದರು. ನಾನು ನೋಡುತ್ತಿರುವುದನ್ನು ಗಮನಿಸಿ ನನಗೂ ತೋರಿಸಿದರು. ಅಲ್ಲಿ ಸಾಲಿಹಲ್ ಎಂದಿತ್ತು. “ಚಿತ್ರ ದೇಶದ ತುಂಬ ಒಂದೇ. ನಮ್ಮ ಭಾಗದವರು ರಾತ್ರಿಯೆಲ್ಲ ಎದ್ದಿದ್ದು ಮಾಡಿದ ಕೆಲಸ ಎನ್ನುವುದು ಇಲ್ಲಿ ಮಾತ್ರ ಇದೆ” ಎಂದರು. ಆಮೇಲೆ ಹಾಳೆಯನ್ನು ರಟ್ಟಿನ ಕೋಶದೊಳಗೆ ಜಾರಿಸಿ ರಬ್ಬರ್‌ ಬ್ಯಾಂಡ್ ಹಾಕಿದರು. ಅದೂ ಅಡ್ಡಡ್ಡಲಾಗಿ ಅಲ್ಲ, ಹಾಳೆಗೆ ಒತ್ತು ಬೀಳದಂತೆ ತುದಿಗೆ ಮಾತ್ರ.

ಅವರ ಮಾತೇ ನನ್ನನ್ನು ಉಳಿದ ಐದು ಊರುಗಳ ಹಿಂದೆ ಕಳಿಸಿತು. ಹತ್ತಿರದ ಮುದ್ರಣಾಲಯದ ಹಾಳೆಗಳೇ ಸಾಮಾನ್ಯವಾಗಿ ಆಯಾ ಭಾಗದ ಕೌಂಟರುಗಳಿಗೆ ಬರುತ್ತಿದ್ದುದರಿಂದ, ನನ್ನ ಪೇಟೆಯಲ್ಲಿ ಎಷ್ಟು ಅಲೆದರೂ ಪ್ರೆಸ್ಟನ್ನಿನ ಹಾಳೆ ಸಿಗುವಂತಿರಲಿಲ್ಲ. ಬ್ರಿಟನ್ನಿನಲ್ಲಿ ಚದುರಿಹೋಗಿದ್ದ ಕನ್ನಡಿಗ ಗೆಳೆಯರು ಆ ಬೇಸಿಗೆಯಲ್ಲಿ ನನಗೆ ನೆರವಾದರು. ಸ್ವಿಂಡನ್ನಿನಲ್ಲಿದ್ದ ಧಾರವಾಡದ ಗೆಳೆಯನೊಬ್ಬ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಂಚೆ ಕಚೇರಿಗೆ ಹೊಕ್ಕು ಹಾಳೆ ಕೊಂಡು, ಎರಡು ರಟ್ಟುಗಳ ನಡುವೆ ಇಟ್ಟು ಕಳಿಸುತ್ತಿದ್ದ. ಜೊತೆಗೆ ಒಂದು ತುಂಡು ಕಾಗದದಲ್ಲಿ ಬರೆದಿಡುತ್ತಿದ್ದ: “ಹಾಳಿ ಸಿಕ್ಕಾವ ನೋಡಪಾ, ಅಂಚು ಮುಟ್ಟಿಲ್ಲ.” ಎಡಿನ್‌ಬರೋದಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಮಳೆಯಲ್ಲಿ ಸಾಲು ನಿಂತು ಜೆಸ್ಸಿಕಾ ಎನ್ನಿಸ್ ಅವರ ಹಾಳೆಯನ್ನು ತಂದಿಟ್ಟಿದ್ದಳು. ಆಗಸ್ಟ್ 4ರ ಶನಿವಾರ ಒಂದೇ ದಿನ ಬ್ರಿಟನ್ ಆರು ಚಿನ್ನ ಗೆದ್ದಿತು. ಎನ್ನಿಸ್, ಮೊ ಫರಾ, ಗ್ರೆಗ್ ರುದರ್‌ಫರ್ಡ್ ಮೂವರೂ ಗೆದ್ದದ್ದು ಅದೇ ಸಂಜೆ. ಆ ರಾತ್ರಿ ಆರು ಊರುಗಳಲ್ಲಿ ಆರು ಬೇರೆ ಬೇರೆ ಚೀಟಿಗಳು ಅಚ್ಚಾಗಬೇಕಿತ್ತು. ಆ ದಿನದ ಹಾಳೆಗಳನ್ನು ಈಗ ಪಕ್ಕಪಕ್ಕದಲ್ಲಿಟ್ಟು ನೋಡುವಾಗ ನನ್ನ ಕಣ್ಣ ಮುಂದೆ ಬರುವುದು ಓಟದ ಮೈದಾನವಲ್ಲ. ಮೊದಲ ಚಿತ್ರದ ಬಣ್ಣ ಸರಿಹೊಂದಿಸುತ್ತಿರುವಾಗಲೇ ಮುಂದಿನ ಚಿತ್ರ ಬಂದು ಕಾಯುತ್ತಿರುವ ಮುದ್ರಣಾಲಯ.

ಒಲಿಂಪಿಕ್ಸ್ ಮುಗಿಯುವ ಹೊತ್ತಿಗೆ 29 ಚಿನ್ನ, 29 ಚೀಟಿ. ಆರು ಊರುಗಳನ್ನು ಲೆಕ್ಕಕ್ಕೆ ಹಿಡಿದರೆ 174 ಹಾಳೆಗಳು. ಹಾಳೆಗೆ 3 ಪೌಂಡ್ 60 ಪೆನ್ಸ್‌ನಂತೆ 600 ಪೌಂಡಿಗೂ ಮಿಕ್ಕಿದ ಖರ್ಚು. ಹಿಂದೆಯೇ ಬಂದ ಪ್ಯಾರಾಲಿಂಪಿಕ್ಸ್‌ನಲ್ಲಿ ಇನ್ನೂ 34 ಚಿನ್ನ. ಪ್ಯಾರಾಲಿಂಪಿಕ್ಸ್ ವಿಜೇತರಿಗೆಲ್ಲ ಸೇರಿಸಿ ಒಂದೇ ಚೀಟಿ ಎಂದು ಮೊದಲು ಯೋಚಿಸಿದ್ದ ರಾಯಲ್ ಮೇಲ್, ಜನರ ಆಕ್ಷೇಪದ ನಂತರ ಅಲ್ಲಿಯೂ ಪ್ರತಿ ಚಿನ್ನಕ್ಕೊಂದು ಚೀಟಿ ಎಂದು ನಿರ್ಧರಿಸಿತು. ಆ ನಿರ್ಧಾರ ಬಹಳ ಸರಿಯಾಗಿತ್ತು ಎಂದೇ ನಾನು ಇಂದಿಗೂ ತಿಳಿದಿದ್ದೇನೆ. ಒಬ್ಬರ ಗೆಲುವಿಗೆ ಅವರದೇ ಹೆಸರಿನ ಚೀಟಿ, ಇನ್ನೊಬ್ಬರ ಗೆಲುವಿಗೆ ಗುಂಪಿನ ಚೀಟಿ ಎಂದಾಗಿದ್ದರೆ ಇಡೀ ಸರಣಿಯ ಮರ್ಯಾದೆಯೇ ಹೋಗುತ್ತಿತ್ತು.

ಮರುದಿನದ ಚೀಟಿಯ ಯೋಚನೆ ಲಂಡನ್ನಿನಲ್ಲಿ ಹುಟ್ಟಿದ್ದಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾದ ಅಂಚೆ ಸಂಸ್ಥೆ ತನ್ನ 16 ಚಿನ್ನಗಳಿಗೂ ಹೀಗೆಯೇ ಡಿಜಿಟಲ್ ಮುದ್ರಣದಲ್ಲಿ ಚೀಟಿ ತಂದಿತ್ತು. 2004ರಲ್ಲಿ ಅಥೆನ್ಸ್‌ನಲ್ಲಿ ಗ್ರೀಕ್ ಅಂಚೆ ಇದನ್ನೇ ಮಾಡಿತು, ಪದಕ ಗೆದ್ದ ತನ್ನ ಕ್ರೀಡಾಪಟುಗಳ ಚೀಟಿಗಳನ್ನು ಬೆನ್ನುಬೆನ್ನಿಗೆ ಹೊರಡಿಸಿತು. ಆಗಲೇ ಅವಸರದ ಅಪಾಯವೂ ಕಾಣಿಸಿಕೊಂಡಿತು. ಭಾರ ಎತ್ತುವ ಸ್ಪರ್ಧೆಯಲ್ಲಿ ಕಂಚು ಗೆದ್ದ ಲಿಯೊನಿಡಾಸ್ ಸಂಪಾನಿಸ್ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಪದಕ ಕಳೆದುಕೊಂಡಾಗ, ಆಗಲೇ ಮಾರಾಟಕ್ಕೆ ಬಂದಿದ್ದ ಅವರ ಚೀಟಿಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಹಿಂಪಡೆಯುವ ಮೊದಲು ಮಾರಾಟವಾದ ಪ್ರತಿಗಳು ಸಂಗ್ರಾಹಕರ ಬಳಿ ಉಳಿದವು.

ವೆಂಬ್ಲಿಯ ನಂತರದ 19 ದಿನ

ಸಾಲಿಹಲ್ಲಿನ ಹಾಳೆಯನ್ನು ತೋರಿಸಿದ ಆ ಹಿರಿಯರು ಮುಂದೆ ನನಗೆ ಪರಿಚಿತರಾದರು. ನಮ್ಮ ಪೇಟೆಯ ಚರ್ಚಿನ ಸಭಾಂಗಣದಲ್ಲಿ ಆಗಾಗ ನಡೆಯುವ ಅಂಚೆಚೀಟಿ ಸಂತೆಯಲ್ಲಿ ಅವರು ಕಿಟಕಿಯ ಬಳಿಯ ಮೇಜನ್ನೇ ಹಿಡಿಯುತ್ತಿದ್ದರು. ಏಕೆ ಎಂಬುದು ಅವರ 1966ರ ವಿಶ್ವಕಪ್ ಫುಟ್‌ಬಾಲ್ ಚೀಟಿಗಳನ್ನು ನೋಡಿದ ದಿನ ತಿಳಿಯಿತು.

1966ರ ವಿಶ್ವಕಪ್ಪಿಗೂ ಅಂಚೆಚೀಟಿಗೂ ಇರುವ ನಂಟು ವಿಚಿತ್ರವಾದದ್ದು. ಪಂದ್ಯಾವಳಿಗೆ ನಾಲ್ಕು ತಿಂಗಳಿಗೆ ಮೊದಲು, ಮಾರ್ಚ್ 20ರಂದು, ಗೆದ್ದವರಿಗೆ ಕೊಡಬೇಕಿದ್ದ ಜೂಲ್ಸ್ ರಿಮೆ ಕಪ್ಪನ್ನು ಕಳ್ಳರು ಕದ್ದದ್ದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೆಂಟ್ರಲ್ ಹಾಲ್‌ನಲ್ಲಿ ನಡೆಯುತ್ತಿದ್ದ ಅಂಚೆಚೀಟಿ ಪ್ರದರ್ಶನದಿಂದ. ಅಲ್ಲಿದ್ದ ಲಕ್ಷಾಂತರ ಪೌಂಡ್ ಬೆಲೆಯ ಚೀಟಿಗಳನ್ನು ಅವರು ಮುಟ್ಟಲಿಲ್ಲ, ಕಪ್ಪನ್ನು ಮಾತ್ರ ಒಯ್ದರು. ವಾರದೊಳಗೆ ದಕ್ಷಿಣ ಲಂಡನ್ನಿನ ಬೇಲಿಯೊಂದರ ಬುಡದಲ್ಲಿ ಪಿಕಲ್ಸ್ ಎಂಬ ನಾಯಿ ಅದನ್ನು ಮೂಸಿ ಹುಡುಕಿದ ಕತೆ ಎಲ್ಲರಿಗೂ ಗೊತ್ತು. ವಿಶ್ವಕಪ್ ಕಳುವಾದದ್ದು ಅಂಚೆಚೀಟಿಗಳ ನಡುವೆ ಎಂಬುದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ.

ಜೂನ್ 1ರಂದು ಮೂರು ಚೀಟಿಗಳು ಬಂದವು: 4 ಪೆನ್ಸ್, 6 ಪೆನ್ಸ್, 1 ಶಿಲಿಂಗ್ 3 ಪೆನ್ಸ್. ಹ್ಯಾರಿಸನ್ ಮುದ್ರಣಾಲಯದ ಫೋಟೋಗ್ರಾವ್ಯೂರ್ ಅಚ್ಚು. ಸಾಮಾನ್ಯ ಪತ್ರಕ್ಕೆ ಬೇಕಾದ 4 ಪೆನ್ಸ್ ಚೀಟಿಯನ್ನು ರೂಪಿಸಿದವರು ಡೇವಿಡ್ ಜಂಟಲ್‌ಮನ್. ಈ ಮೂರೂ ಎರಡೆರಡು ರೂಪದಲ್ಲಿ ಬಂದವು. ಒಂದು ಸಾದಾ, ಇನ್ನೊಂದರ ಮೇಲೆ ಫಾಸ್ಫರ್ ಪಟ್ಟಿಗಳು. ಬರಿಗಣ್ಣಿಗೆ ಎರಡೂ ಒಂದೇ. ಹಿರಿಯರು ಎರಡು 4 ಪೆನ್ಸ್ ಚೀಟಿಗಳನ್ನು ಟ್ವೀಜರ್ಸ್‌ನಿಂದ ಎತ್ತಿ ಕಪ್ಪು ರಟ್ಟಿನ ಮೇಲಿಟ್ಟು, ರಟ್ಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ನಿಧಾನಕ್ಕೆ ಬಾಗಿಸಿದರು. ಒಂದು ಹಂತದಲ್ಲಿ ಮೊದಲನೆಯ ಚೀಟಿಯ ಮೈಯೆಲ್ಲ ಒಂದೇ ಸಮ ಹೊಳೆಯಿತು. ಎರಡನೆಯದರ ಮೇಲೆ ಮಾತ್ರ ಎರಡು ಲಂಬ ಪಟ್ಟಿಗಳು ಹೊಳಪಿಲ್ಲದೆ, ಒದ್ದೆ ಬೆರಳು ಎಳೆದು ಒಣಗಿದ ಗುರುತಿನಂತೆ ಎದ್ದು ಕಂಡವು. ಇನ್ನೊಂದಿಷ್ಟು ಬಾಗಿಸಿದರೆ ಮತ್ತೆ ಮಾಯ. ಆಮೇಲೆ ತಮ್ಮ ಮನೆಯಲ್ಲಿ, ಪರದೆ ಎಳೆದ ಕೋಣೆಯಲ್ಲಿ, ಚಿಕ್ಕ ತರಂಗಾಂತರದ ಅತಿನೇರಳೆ ದೀಪದ ಕೆಳಗೆ ಅದೇ ಚೀಟಿಯನ್ನಿಟ್ಟು, ದೀಪವನ್ನು ಟಪ್ಪನೆ ಆರಿಸಿ ತೋರಿಸಿದರು. ಆರಿದ ಕ್ಷಣದಲ್ಲಿ ಪಟ್ಟಿಗಳು ಮಾತ್ರ ನೇರಳೆ ಬಣ್ಣದಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ಬೆಳಗಿ ಹೋದವು.

ಆ ಪಟ್ಟಿ ಸಂಗ್ರಾಹಕನಿಗಾಗಿ ಇದ್ದುದಲ್ಲ. ಅಂಚೆಯವರು ಆಗ ಪತ್ರಗಳನ್ನು ಯಂತ್ರದಿಂದ ವಿಂಗಡಿಸಲು ತೊಡಗಿದ್ದರು. ಡಬ್ಬಿಯಿಂದ ರಾಶಿಯಾಗಿ ಬಂದ ಲಕೋಟೆಗಳಲ್ಲಿ ಚೀಟಿ ಯಾವ ಮೂಲೆಯಲ್ಲಿದೆ ಎಂದು ಯಂತ್ರಕ್ಕೆ ಕಾಣಬೇಕು, ಆ ಮೂಲೆ ಮೇಲೆ ಬರುವಂತೆ ಲಕೋಟೆಯನ್ನು ತಿರುಗಿಸಿ ಮೊಹರು ಹಾಕಬೇಕು. 1957ರಲ್ಲಿ ಸೌತಾಂಪ್ಟನ್ನಿನಲ್ಲಿ ಚೀಟಿಯ ಹಿಂಬದಿಗೆ ಗ್ರಾಫೈಟ್ ಗೆರೆ ಎಳೆದು ಶುರುವಾದ ಪ್ರಯೋಗ ಮುಂದೆ ಫಾಸ್ಫರ್ ಪಟ್ಟಿಗೆ ಬಂದು ನಿಂತಿತು. ಯಂತ್ರ ಬಂದ ಊರುಗಳಿಗೆ ಫಾಸ್ಫರ್ ಚೀಟಿ, ಬಾರದ ಊರುಗಳಿಗೆ ಸಾದಾ ಚೀಟಿ. ಹಾಗಾಗಿ 1966ರ ಒಂದು 4 ಪೆನ್ಸ್ ಚೀಟಿಯನ್ನು ಬೆಳಕಿಗೆ ಬಾಗಿಸಿದರೆ, ಅದು ಹೊರಟ ಊರಿನ ಅಂಚೆ ಕಚೇರಿಯಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದರ ಸುಳಿವು ಸಿಗುತ್ತದೆ. ಚಿತ್ರದಲ್ಲಿರುವ ಆಟಗಾರರು ಅದನ್ನು ಹೇಳಲಾರರು.

ಜುಲೈ 30ರಂದು ವೆಂಬ್ಲಿಯಲ್ಲಿ ಇಂಗ್ಲೆಂಡ್ ಪಶ್ಚಿಮ ಜರ್ಮನಿಯನ್ನು 4–2ರಿಂದ ಸೋಲಿಸಿತು. ಜಂಟಲ್‌ಮನ್ ಅವರ ಅದೇ 4 ಪೆನ್ಸ್ ಚಿತ್ರಕ್ಕೆ ‘ಇಂಗ್ಲೆಂಡ್ ವಿನ್ನರ್ಸ್’ ಎಂಬ ಎರಡು ಪದ ಸೇರಿಸಿದ ಚೀಟಿ ಆಗಸ್ಟ್ 18ರಂದು ಹೊರಬಂತು. ನಡುವೆ ಇದ್ದದ್ದು 19 ದಿನ. ಅದು ಬಂದದ್ದು ಸಾದಾ ರೂಪದಲ್ಲಿ ಮಾತ್ರ, ಫಾಸ್ಫರ್ ಪಟ್ಟಿ ಇರುವ ರೂಪವೇ ಇಲ್ಲ. ಮಾರಿದ್ದು ಇಂಗ್ಲೆಂಡ್, ಚಾನೆಲ್ ದ್ವೀಪಗಳು ಮತ್ತು ಐಲ್ ಆಫ್ ಮ್ಯಾನ್‌ನ ಅಂಚೆ ಕಚೇರಿಗಳಲ್ಲಿ; ಸ್ಕಾಟ್ಲೆಂಡಿನಲ್ಲಿ ಸಿಕ್ಕಿದ್ದು ಎಡಿನ್‌ಬರೋ ಉತ್ಸವ ಶುರುವಾದ ಆಗಸ್ಟ್ 22ರಂದು ಎಡಿನ್‌ಬರೋದಲ್ಲಿ. ಸುಮಾರು 1 ಕೋಟಿ 20 ಲಕ್ಷ ಚೀಟಿ ಅಚ್ಚಾದರೂ ಕೌಂಟರುಗಳ ಮುಂದೆ ನೂಕುನುಗ್ಗಲಾಯಿತು. ಇಂದು ಅದರ ಬೆಲೆ ಅತ್ಯಲ್ಪ. ಯಾವ ಸಂತೆಯಲ್ಲೂ ಚಿಲ್ಲರೆ ಕಾಸಿಗೆ ಸಿಗುತ್ತದೆ. 6 ಪೆನ್ಸ್ ಚೀಟಿಯಲ್ಲಿ ಕಪ್ಪು ಬಣ್ಣ ಬಿಟ್ಟುಹೋದ ಪ್ರತಿಗಳಾದರೆ ನೂರಾರು ಪಟ್ಟು ಹೆಚ್ಚು ಬೆಲೆ ಬಾಳುತ್ತವೆ. ಆದರೆ ಬಣ್ಣ ಬಿಟ್ಟುಹೋದದ್ದು ಯಂತ್ರ ತಪ್ಪಿದ ಒಂದು ಗಳಿಗೆಯನ್ನು ಮಾತ್ರ ಹೇಳುತ್ತದೆ. ‘ವಿನ್ನರ್ಸ್’ ಚೀಟಿ ಒಂದು ದೇಶ ತನ್ನ ಗೆಲುವಿಗೆ ಹೇಗೆ ಓಗೊಟ್ಟಿತು ಎಂಬುದನ್ನು ಹೇಳುತ್ತದೆ. ನನ್ನ ಆಲ್ಬಮ್ಮಿನಲ್ಲಿ ಅದಕ್ಕೆ ಒಂದು ಇಡೀ ಪುಟವಿದೆ.

ಭಾರತವೂ ಅದೇ ವರ್ಷ ಹೀಗೆಯೇ ಓಗೊಟ್ಟದ್ದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. 1966ರ ಡಿಸೆಂಬರಿನಲ್ಲಿ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಹಾಕಿ ಚಿನ್ನ ಗೆದ್ದಿತು. ಡಿಸೆಂಬರ್ 31ರಂದು, ಅಂದರೆ ಕೂಟ ಮುಗಿದು ಎರಡು ವಾರವೂ ಆಗುವ ಮೊದಲೇ, ಆ ವಿಜಯದ 15 ಪೈಸೆಯ ಚೀಟಿ ಬಂತು. ಕಂಪ್ಯೂಟರ್ ಇಲ್ಲದ, ಡಿಜಿಟಲ್ ಮುದ್ರಣ ಇಲ್ಲದ ಕಾಲದಲ್ಲಿ ಇದು ಸಣ್ಣ ಕೆಲಸವಲ್ಲ. 1948ರ ಆಗಸ್ಟ್ 12ರಂದು ಅದೇ ವೆಂಬ್ಲಿಯಲ್ಲಿ ಬ್ರಿಟನ್ನನ್ನು 4–0ರಿಂದ ಸೋಲಿಸಿ ಗೆದ್ದ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಚಿನ್ನಕ್ಕೆ ಆ ವರ್ಷ ನಮ್ಮ ಅಂಚೆ ಚೀಟಿ ತಂದಿರಲಿಲ್ಲ. ಆ ಕೊರತೆಯನ್ನು ನೆನೆದಾಗ ಈ 15 ಪೈಸೆಯ ಚೀಟಿ ನನಗೆ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ.

ಮಾರುವುದಕ್ಕೆಂದೇ ಮಾಡಿದ ವ್ಯತ್ಯಾಸ

ಬೆಂಗಳೂರಿನಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ಸ್ಟೇಷನರಿ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಚೀಟಿಗಳನ್ನು ಮಾರುತ್ತಿದ್ದರು. ಹೊರಗೆ ಕಾಣುವಂತೆ ಇಟ್ಟಿರುತ್ತಿದ್ದದ್ದು ಅಂಗೈಯಗಲದ, ಬಣ್ಣ ತುಂಬಿದ ಒಲಿಂಪಿಕ್ಸ್ ಚೀಟಿಗಳು. ಅಜ್ಮಾನ್, ಫುಜೈರಾ, ಉಮ್ ಅಲ್ ಕ್ವೈನ್, ಮನಾಮಾ ಎಂಬ ಹೆಸರುಗಳು. 1968ರ ಮೆಕ್ಸಿಕೋ, 1972ರ ಮ್ಯೂನಿಕ್ ಕೂಟಗಳ ಓಟಗಾರರು, ಈಜುಗಾರರು, ಕುದುರೆ ಸವಾರರು. ಸೋದರಮಾವ ಅಂಥದೊಂದು ಚೀಟಿಯನ್ನು ತಿರುಗಿಸಿ ಬೆನ್ನನ್ನು ತೋರಿಸಿ, “ನೋಡೋ, ಮೊಹರು ಬಿದ್ದಿದೆ, ಆದರೆ ಅಂಟು ಹಾಗೇ ಇದೆ. ಇದು ಯಾವ ಪತ್ರದ ಮೇಲೂ ಕೂತಿಲ್ಲ” ಎಂದಿದ್ದರು. ಮೊಹರು ಕೂಡ ಮೂಲೆಯಲ್ಲಿ ಅಚ್ಚುಕಟ್ಟಾಗಿ, ಚಿತ್ರಕ್ಕೆ ತಾಗದಂತೆ, ಪ್ರತಿ ಚೀಟಿಯಲ್ಲೂ ಅದೇ ಜಾಗದಲ್ಲಿತ್ತು. ಹಾಳೆಗಟ್ಟಲೆ ಅಚ್ಚು ಹಾಕುವಾಗಲೇ ಮೊಹರನ್ನೂ ಹಾಕಿ ಸಗಟು ವ್ಯಾಪಾರಿಗಳಿಗೆ ಕೊಡುತ್ತಿದ್ದರು.

ಸಂಯುಕ್ತ ಅರಬ್ ಸಂಸ್ಥಾನ ಒಂದಾಗುವ ಮೊದಲು ಈ ಪುಟ್ಟ ಎಮಿರೇಟುಗಳ ಹೆಸರಿನಲ್ಲಿ ಹೊರಗಿನ ಏಜೆಂಟರು ಸಾವಿರಾರು ಬಗೆಯ ಚೀಟಿಗಳನ್ನು ತಂದರು. ಪ್ರತಿಯೊಂದು ಒಲಿಂಪಿಕ್ಸ್ ಸರಣಿಗೂ ರಂಧ್ರವಿರುವ ಒಂದು ಆವೃತ್ತಿ, ರಂಧ್ರವಿಲ್ಲದ ಇನ್ನೊಂದು, ಅದರ ಮೇಲೆ ದೊಡ್ಡ ಹಾಳೆ, ಮತ್ತೆ ಅದಕ್ಕೂ ರಂಧ್ರವಿಲ್ಲದ ಜೊತೆ. ಕಾಗದದ ಮೇಲೆ ಇವೂ ವೆರೈಟಿಗಳೇ. 1966ರ ಫಾಸ್ಫರ್ ಚೀಟಿಗಿಂತ ಇವುಗಳ ವ್ಯತ್ಯಾಸ ಎಷ್ಟೋ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಆದರೆ ರಂಧ್ರವಿಲ್ಲದ ಅಜ್ಮಾನ್ ಚೀಟಿಗೆ ರಂಧ್ರ ಏಕಿಲ್ಲ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ಸಂಗ್ರಾಹಕ ಎರಡನ್ನೂ ಕೊಳ್ಳಲಿ ಎಂದು. ಅದರ ಹಿಂದೆ ಗಡುವಿಲ್ಲ, ಯಂತ್ರವಿಲ್ಲ, ಕಾಯುತ್ತಿದ್ದ ಲಾರಿಯಿಲ್ಲ.

ಅತ್ತಿಗೆಯ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಹುಟ್ಟಿದ್ದು ಇಲ್ಲಿಂದ. ಒಂದು ವ್ಯತ್ಯಾಸವನ್ನು ನೋಡಿದಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಸಂಗ್ರಾಹಕರು ಎಂಬ ಜನವೇ ಲೋಕದಲ್ಲಿ ಇಲ್ಲದಿದ್ದರೂ ಈ ವ್ಯತ್ಯಾಸ ಇರುತ್ತಿತ್ತೇ? ಸೌತಾಂಪ್ಟನ್ನಿನ ಯಂತ್ರಕ್ಕೆ ಪಟ್ಟಿ ಬೇಕೇ ಬೇಕಿತ್ತು. ಬೆಳಗಾಗುವುದರೊಳಗೆ ಚೀಟಿ ಸೇರಬೇಕಾಗಿದ್ದುದರಿಂದ ಆರು ಊರುಗಳು ಬೇಕಿತ್ತು. ಆ ವ್ಯತ್ಯಾಸಗಳನ್ನು ಹುಡುಕುವುದು, ಬರೆದಿಡುವುದು, ಅವುಗಳಿಗಾಗಿ ಗೆಳೆಯರನ್ನು ಮಳೆಯಲ್ಲಿ ನಿಲ್ಲಿಸುವುದು ನನ್ನ ಮಟ್ಟಿಗೆ ಸಾರ್ಥಕವಾದ ಕೆಲಸ.

ಈ ಅಳತೆಗೋಲು ಎಲ್ಲ ಕಡೆ ಸಲೀಸಾಗಿ ಕೂರುವುದಿಲ್ಲ ಎಂಬುದನ್ನು ಮೊಟ್ಟಮೊದಲ ಒಲಿಂಪಿಕ್ಸ್ ಚೀಟಿಗಳೇ ತೋರಿಸುತ್ತವೆ. 1896ರ ಅಥೆನ್ಸ್ ಕೂಟಕ್ಕೆ ಗ್ರೀಸ್‌ನಲ್ಲಿ ಹಣವಿರಲಿಲ್ಲ. ಸ್ಮಾರಕ ಚೀಟಿಗಳನ್ನು ಹೊರಡಿಸಿ ಮಾರಿ ಬಂದ ಹಣವನ್ನು ಕೂಟಕ್ಕೆ ಬಳಸಬಹುದು ಎಂಬ ಸಲಹೆ ಬಂದದ್ದು ಅಂಚೆಚೀಟಿ ಪ್ರಿಯರಿಂದಲೇ. 1 ಲೆಪ್ಟನ್‌ನಿಂದ 10 ಡ್ರಾಕ್ಮಾವರೆಗೆ 12 ಚೀಟಿಗಳು ಬಂದವು: ಮುಷ್ಟಿಯುದ್ಧದ ಜೋಡಿ, ಡಿಸ್ಕಸ್ ಎಸೆಯುವವನ ಪ್ರತಿಮೆ, ರಥ, ಪ್ರಾಕ್ಸಿಟಲೀಸನ ಹರ್ಮೀಸ್, ಅಕ್ರೊಪೊಲಿಸ್. ಅಚ್ಚು ಕೆತ್ತಿದವರು ಫ್ರಾನ್ಸಿನ ಯೂಜೀನ್ ಮೂಶೋಂ, ಮುದ್ರಿಸಿದ್ದು ಪ್ಯಾರಿಸ್‌ನಲ್ಲಿ. ಹೆಚ್ಚಿನ ಬೆಲೆಯ ಚೀಟಿಗಳ ಮೇಲೆ ಸಂಗ್ರಾಹಕರ ಕಿಸೆಯ ಕಣ್ಣಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಹಾಗೆಂದು ಅವನ್ನು ಅಜ್ಮಾನಿನ ಸಾಲಿನಲ್ಲಿ ಕೂರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ಹಣವಿಲ್ಲದೆ ಕೂಟವೇ ಕುಂಟುತ್ತಿತ್ತು, ಮತ್ತು ಚೀಟಿಗಳು ನಿಜವಾದ ಪತ್ರಗಳ ಮೇಲೆ ನಿಜವಾಗಿ ಪಯಣಿಸಿದವು. ಉಳಿದುಹೋದವುಗಳನ್ನು ಗ್ರೀಕ್ ಅಂಚೆ ಎಸೆಯಲಿಲ್ಲ. 1900–01ರಲ್ಲಿ ವಿದೇಶಿ ಮನಿಆರ್ಡರು ಮತ್ತು ಪಾರ್ಸೆಲ್ಲುಗಳಿಗೆ ಚಿನ್ನದ ದರದಲ್ಲಿ ಶುಲ್ಕ ಕೊಡಬೇಕಾದಾಗ, ಅದೇ ಹರ್ಮೀಸನ ಮೇಲೆ, ಅದೇ ಅಕ್ರೊಪೊಲಿಸ್ಸಿನ ಮೇಲೆ ಹೊಸ ಬೆಲೆಯನ್ನು ಅಚ್ಚೊತ್ತಿ ಮತ್ತೆ ಕೆಲಸಕ್ಕೆ ಹಚ್ಚಿತು. ಕ್ರೀಡಾಕೂಟದ ಚಿತ್ರದ ಮೇಲೆ ಒಂದು ದೇಶದ ಹಣದ ಮುಗ್ಗಟ್ಟು ಅಕ್ಷರಗಳಲ್ಲಿ ಬಂದು ಕೂತ ಆ ಮೇಲ್ಮುದ್ರಣಗಳಷ್ಟು ಅರ್ಥವತ್ತಾದ ವೆರೈಟಿಯನ್ನು ನಾನು ಬೇರೆ ನೋಡಿಲ್ಲ.

2012ರ ಬಗ್ಗೆಯೂ ಈ ಮಾತನ್ನು ಕೇಳಲೇಬೇಕು. ಪ್ರತಿ ಹಾಳೆಯಲ್ಲೂ ಆರು ಚೀಟಿ ಇಟ್ಟದ್ದು, ಬಿಡಿ ಚೀಟಿಗಿಂತ ಇಡೀ ಹಾಳೆಯನ್ನೇ ಕೊಳ್ಳುವಂತೆ ಅಚ್ಚುಕಟ್ಟು ಮಾಡಿದ್ದು ವ್ಯಾಪಾರವೇ. ಆರು ಊರುಗಳ ಪೂರ್ತಿ ಸರಣಿಯನ್ನು ಪಟ್ಟಿಮಾಡಿ ದುಬಾರಿ ಬೆಲೆಗೆ ಮಾರುವವರು ಕೂಟ ಮುಗಿಯುವ ಮೊದಲೇ ಹುಟ್ಟಿಕೊಂಡಿದ್ದರು. ಆದರೂ ಊರಿನ ಹೆಸರು ಅಂಚಿಗೆ ಬಂದದ್ದು ಕೆಲಸದ ಲೆಕ್ಕಕ್ಕಾಗಿ. ಅದು ಪ್ರದರ್ಶನಕ್ಕಿಟ್ಟ ಅಲಂಕಾರವಲ್ಲ, ಬರಿಗಣ್ಣಿಗೆ ಓದಲು ಕಷ್ಟವಾಗುವಷ್ಟು ಸಣ್ಣದು. ಇಲ್ಲಿ ವ್ಯಾಪಾರವೂ ದುಡಿಮೆಯೂ ಒಂದೇ ಹಾಳೆಯಲ್ಲಿವೆ, ನಾನು ಸಂಗ್ರಹಿಸುತ್ತಿರುವುದು ದುಡಿಮೆಯ ಭಾಗವನ್ನು.

ಅಂಚು ಹೋದ ಮೇಲೆ

ಇದರಲ್ಲಿ ನನ್ನನ್ನು ಇನ್ನೂ ಕಾಡುವ ಒಂದು ತೊಡಕಿದೆ. ಅಂಚೆಚೀಟಿಯ ಕೆಲಸ ಪತ್ರವನ್ನು ತಲುಪಿಸುವುದು. 2012ರ ಹಾಳೆಯಿಂದ ಒಂದು ಚೀಟಿಯನ್ನು ಸುಲಿದು ಲಕೋಟೆಗೆ ಅಂಟಿಸಿದೊಡನೆ ಅದು ಯಾವ ಊರಿನಲ್ಲಿ ಅಚ್ಚಾದದ್ದು ಎಂಬ ಗುರುತು ಕಳೆದುಹೋಗುತ್ತದೆ. ಏಕೆಂದರೆ ಊರಿನ ಹೆಸರು ಇರುವುದು ಹಾಳೆಯ ಅಂಚಿನಲ್ಲಿ, ಚೀಟಿಯ ಮೇಲಲ್ಲ. 1966ರ ಫಾಸ್ಫರ್ ಪಟ್ಟಿಯಾದರೆ ಚೀಟಿಯ ಜೊತೆಗೇ ಹೋಗುತ್ತದೆ, ಬಳಸಿದ ಚೀಟಿಯನ್ನೂ ಬೆಳಕಿಗೆ ಬಾಗಿಸಿ ಓದಬಹುದು. 1900ರ ಗ್ರೀಕ್ ಮೇಲ್ಮುದ್ರಣವೂ ಹಾಗೆಯೇ. ಲಂಡನ್ ಒಲಿಂಪಿಕ್ಸ್ ಚೀಟಿಗೆ ಮಾತ್ರ, ತನ್ನ ಕೆಲಸ ಮಾಡಿದರೆ ಗುರುತು ಹೋಗುತ್ತದೆ, ಗುರುತು ಉಳಿಯಬೇಕಾದರೆ ಕೆಲಸ ಮಾಡದೆ ಪುಟದೊಳಗೆ ಕೂರಬೇಕು.

ಅದಕ್ಕಾಗಿ ನಾನು ಕೆಲವು ವರ್ಷಗಳಿಂದ ಹುಡುಕುತ್ತಿರುವುದು ಮಿಂಟ್, ಅಂದರೆ ಬಳಸದ ಹಾಳೆಗಳನ್ನಲ್ಲ. ಆ ಆಗಸ್ಟ್, ಸೆಪ್ಟೆಂಬರಿನಲ್ಲಿ ಯಾರಾದರೂ ಇಡೀ ಹಾಳೆಯನ್ನು ಅಂಚಿನ ಸಮೇತ ದೊಡ್ಡ ಲಕೋಟೆಗೆ ಅಂಟಿಸಿ ಕಳಿಸಿದ್ದರೆ, ಅದರ ಮೇಲೆ ಮುದ್ರಣದ ಊರು, ಮೊಹರಿನ ಊರು, ತಲುಪಿದ ವಿಳಾಸ ಮೂರೂ ಉಳಿದಿರುತ್ತವೆ. ಮೊಹರಿನ ತಾರೀಕು ಬಿಡುಗಡೆಯ ದಿನದ್ದೇ ಆಗಿದ್ದರೆ ಇನ್ನೂ ಒಳ್ಳೆಯದು. ರಿಜಿಸ್ಟರ್ಡ್ ಪಾರ್ಸೆಲ್ಲುಗಳ ಮೇಲೆ ಹೀಗೆ ಅಂಟಿಸಿದ ಒಂದೆರಡು ಹಾಳೆಗಳು ನನಗೆ ಸಿಕ್ಕಿವೆ. ಒಂದು ಎಡಿನ್‌ಬರೋ ಮುದ್ರಣದ್ದು, ಮೈಸೂರಿಗೆ ಹೋದ ಪುಸ್ತಕದ ಕಟ್ಟಿನ ಮೇಲಿನದು. ಕಟ್ಟು ಬಿಚ್ಚುವಾಗ ಮನೆಯವರು ಹಾಳೆಯ ಒಂದು ಮೂಲೆಯನ್ನು ಹರಿದಿದ್ದರೂ ಊರಿನ ಹೆಸರು ಇದ್ದ ಅಂಚು ಉಳಿದಿತ್ತು. ನಾರ್ಫೋಕ್ ಸೀಮೆಯ ಆಟಲ್‌ಬರೋ ಮತ್ತು ಲಂಕಾಶೈರಿನ ಪ್ರೆಸ್ಟನ್ ಮುದ್ರಣದವು ಹೀಗೆ ಬಳಕೆಯಾದ ರೂಪದಲ್ಲಿ ನನಗೆ ಇದುವರೆಗೆ ಸಿಕ್ಕಿಲ್ಲ. ಆ ಬೇಸಿಗೆಯಲ್ಲಿ ಬ್ರಿಟನ್ನಿನಿಂದ ನಿಮ್ಮ ಮನೆಗೆ ಬಂದ ದೊಡ್ಡ ಲಕೋಟೆಯೇನಾದರೂ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಉಳಿದಿದ್ದರೆ, ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಬೇಡಿ, ಕತ್ತರಿಯನ್ನೂ ಹಾಕಬೇಡಿ. ಲಕೋಟೆಯನ್ನು ಇಡಿಯಾಗಿ ಇಟ್ಟುಕೊಂಡು, ಒಂದು ಭೂತಗನ್ನಡಿ ಹಿಡಿದು ಅಂಚಿನಲ್ಲಿ ಏನು ಬರೆದಿದೆ ಎಂದು ಓದಿ ನನಗೆ ತಿಳಿಸಿ.